ಮ್ಯಾಕರೋನಿಯ ಗಂಜಿ

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ದುಬೈಯ ಹೋಟೆಲೊಂದರ ಸ್ವಿಸ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಫ್ಲಾಯ್ಡ್ ಏಪ್ರನ್ ಕಟ್ಟಿಕೊಂಡ. ವಯಸ್ಸು ಐವತ್ತಾರು. ಕಾರ್ಮಿಕರ ಕ್ಯಾಂಪುಗಳಿಗೆ ಊಟ ಕಳಿಸುವ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಮುಖ್ಯ ಅಡುಗೆಯವನಾಗಿದ್ದ. ಕಂಪನಿ ಮುಚ್ಚಿತು, ವೀಸಾ ರದ್ದಾಯಿತು. ಇನ್ನು ಹದಿನೈದು ದಿನದಲ್ಲಿ ಬೇರೆ ಕೆಲಸ ಸಿಗದಿದ್ದರೆ ಅವನ ಜೊತೆ ಹೆಂಡತಿ, ಮಗಳು ಡಿಂಪಲ್ ಕೂಡ ದೇಶ ಬಿಡಬೇಕು. ಡಿಂಪಲ್‌ಳ ಹನ್ನೆರಡನೇ ತರಗತಿಯ ಪರೀಕ್ಷೆಗೆ ಉಳಿದದ್ದು ಮೂರು ತಿಂಗಳು. ಹನ್ನೊಂದು ಕಡೆ ಅವನ ವಯಸ್ಸು ಕೇಳಿಯೇ ಕಳಿಸಿಬಿಟ್ಟಿದ್ದರು. ಅಡುಗೆ ಮಾಡಿ ತೋರಿಸಲು ಕರೆದದ್ದು ಇಲ್ಲಿ ಮಾತ್ರ.

ಕರೆಸಿದವನು ಜಯಪಾಲ, ಅದೇ ಹೋಟೆಲಿನ ಸ್ಟೋರ್ ಕೀಪರ್, ಮೂಲ್ಕಿಯವನು. ಊರ ಕಡೆ ಕ್ರೈಸ್ತರನ್ನು ಕರೆಯುವಂತೆ ಫ್ಲಾಯ್ಡ್‌ನನ್ನು 'ಪರ್ಬುಗಳೇ' ಎನ್ನುತ್ತಿದ್ದ.

"ಎಂಥ ಪರ್ಬುಗಳೇ, ಏಪ್ರನ್ ಎಷ್ಟು ಸಲ ಬಿಚ್ಚಿ ಕಟ್ಟುದು? ಎರಡು ಸಾವಿರ ಜನಕ್ಕೆ ಬಡಿಸಿದವರು ನೀವು, ಒಂದು ಬಟ್ಟಲು ಮ್ಯಾಕರೋನಿಗೆ ಹೆದರುದಾ?"

"ನೀನೊಮ್ಮೆ ಸುಮ್ಮನಿರು ಮಾರಾಯ."

ಹನ್ನೊಂದಕ್ಕೆ ಅಲ್ಲಿನ ಸ್ವಿಸ್ ಬಾಣಸಿಗ ರುಚಿ ನೋಡಲು ಬರುವುದರೊಳಗೆ ಮಾಡಬೇಕಾಗಿದ್ದದ್ದು ಆಲ್ಪ್ಸ್ ಬೆಟ್ಟದ ದನಗಾಹಿಗಳ ಊಟ. ಒಂದೇ ಪಾತ್ರೆಯಲ್ಲಿ ಆಲೂಗಡ್ಡೆ, ಮ್ಯಾಕರೋನಿ ಬೇಯಿಸಿ, ಕೆನೆ, ತುರಿದ ಚೀಸ್ ಬೆರೆಸಿ, ಮೇಲೆ ಹುರಿದ ಈರುಳ್ಳಿ ಹಾಕುವುದು. ಪಕ್ಕಕ್ಕೆ ಬೇಯಿಸಿ ಅರೆದ ಸೇಬು. ಫ್ಲಾಯ್ಡ್ ವಿಧಾನವನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. 'ನೀರು ಬಸಿಯಬಾರದು' ಎಂಬುದಕ್ಕೆ ಎರಡು ಗೆರೆ ಎಳೆದಿದ್ದ. ಚೀಸ್ ಒಡೆಯದೆ ನುಣ್ಣಗೆ ಕರಗುವುದು ಆ ನೀರಿನಲ್ಲಿರುವ ಪಿಷ್ಟದಿಂದಲೇ ಎಂದು ಮಗಳು ಓದಿ ಹೇಳಿದ್ದಳು.

ಎಲ್ಲವೂ ಸರಿಯಾಗಿಯೇ ನಡೆಯಿತು. ಈರುಳ್ಳಿ ಹದವಾಗಿ ಕೆಂಪಾಯಿತು. ಮ್ಯಾಕರೋನಿ ಬೆಂದು, ಬೆಳ್ಳಗಿನ ನೊರೆ ಪಾತ್ರೆಯ ಬಾಯಿಗೆ ಏರಿತು.

"ಇನ್ನು ಆರೇ ನಿಮಿಷ, ಯಲ್ಲಾ!" ಎಂದು ಜಯಪಾಲ ಅವಸರಪಡಿಸಿದ.

ಫ್ಲಾಯ್ಡ್ ಮುಚ್ಚಳ ಒತ್ತಿ ಹಿಡಿದು, ಬಟ್ಟೆ ಸುತ್ತಿ ಪಾತ್ರೆ ಎತ್ತಿ ಸಿಂಕಿಗೆ ಬಗ್ಗಿಸಿದ. ಇಪ್ಪತ್ತೆರಡು ವರ್ಷ ದಿನಾ ಕುಚ್ಚಲಕ್ಕಿ ಅನ್ನದ ಗಂಜಿ ಬಸಿದ ಕೈ ಅದು. ನೊರೆ ಕಂಡದ್ದೇ ತಡ, ತನ್ನ ಕೆಲಸ ಮಾಡಿ ಮುಗಿಸಿತು. ಕೊನೆಯ ಹನಿಯವರೆಗೂ ಬಸಿದು, ಅಭ್ಯಾಸದಂತೆ ಪಾತ್ರೆಯನ್ನು ಒಮ್ಮೆ ಕುಲುಕಿದ ಮೇಲೆ ಅವನಿಗೆ ಅರಿವಾಯಿತು.

"ಅಯ್ಯೋ ದೇವಾ."

"ಎಂಥ ಮಾಡಿದ್ರಿ ಮಾರಾಯ್ರೆ! ಬಿಸಿನೀರು ಹಾಕಿ, ಯಾರಿಗೆ ಗೊತ್ತಾಗ್ತದೆ?"

ಬಿಸಿನೀರು ಹಾಕಿದ. ಚೀಸ್ ಹಾಕಿ ತಿರುವಿದ. ಅದು ಕರಗಿ ಕೂಡಲಿಲ್ಲ. ಗಟ್ಟಿ ಎಳೆಗಳಾಗಿ ಸೌಟಿಗೆ ಸುತ್ತಿಕೊಂಡಿತು, ಹಳದಿ ಎಣ್ಣೆ ಅಂಚಿಗೆ ಬಂದು ನಿಂತಿತು. ಕೆನೆ ಹೆಚ್ಚು ಹಾಕಿದರೂ ಎಣ್ಣೆ ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಮಾಡಲು ಸಮಯವಿರಲಿಲ್ಲ.

ಸ್ವಿಸ್ ಬಾಣಸಿಗ ಮರ್ಯಾದಸ್ಥ. ಎರಡು ಚಮಚ ತಿಂದ, ನೀರು ಕುಡಿದ.

"ಈರುಳ್ಳಿ ಚೆನ್ನಾಗಿದೆ. ನೀರು ಚೆಲ್ಲಿದಿರಾ?"

ಸುಳ್ಳು ಹೇಳಬಹುದಿತ್ತು. ಫ್ಲಾಯ್ಡ್ ಹೌದೆಂದು ತಲೆಯಾಡಿಸಿದ.

"ನಮ್ಮಜ್ಜಿ ಇದೊಂದಕ್ಕೆ ನನಗೆ ಬೈಯುತ್ತಿದ್ದಳು," ಎಂದು ಆತ ನಕ್ಕ. ಬಳಿಕ ನಗು ನಿಲ್ಲಿಸಿ, "ಕ್ಷಮಿಸಿ. ಮಧ್ಯಾಹ್ನ ಇನ್ನೂ ಮೂವರು ಬರುವವರಿದ್ದಾರೆ," ಎಂದು ಕೈಕುಲುಕಿ ಹೋದ.

ಫೋನು ಕಂಪಿಸಿತು. ಡಿಂಪಲ್‌ಳ ಸಂದೇಶ: 'ಡ್ಯಾಡಾ, ಹೌ ವಾಸ್ ಇಟ್?' ಅವನು ಫೋನನ್ನು ಮಗುಚಿ ಇಟ್ಟ.

"ಅಬುಧಾಬಿಯಲ್ಲಿ ನನ್ನ ಗುರ್ತದವರೊಬ್ಬರು ಇದ್ದಾರೆ..." ಎಂದು ಜಯಪಾಲ ಶುರು ಮಾಡಿದ.

"ಖಲಾಸ್, ಜಯಪಾಲ. ಪಾತ್ರೆ ಎಲ್ಲಿ ಖಾಲಿ ಮಾಡುದು, ಹೇಳು."

ಆ ಅಡುಗೆಮನೆಯಲ್ಲಿ ಚೆಲ್ಲುವ ಆಹಾರವನ್ನೆಲ್ಲ ತೂಗುವ ನಿಯಮವಿತ್ತು. ಕಸದ ಡಬ್ಬಿ ನಿಂತಿದ್ದದ್ದೇ ತಕ್ಕಡಿಯ ಮೇಲೆ. ಫ್ಲಾಯ್ಡ್ ಪಾತ್ರೆ ಬಗ್ಗಿಸಿದ. ತಳಕ್ಕೆ ಅಂಟಿದ್ದನ್ನೂ ಸೌಟಿನಿಂದ ಕೆರೆದು ಹಾಕಿದ. ಅಂಕಿಗಳು ಸ್ವಲ್ಪ ಓಲಾಡಿ ನಿಂತವು: ಒಂದು ಕಿಲೋ ನೂರ ಎಂಬತ್ತು ಗ್ರಾಂ.