ಸಾಹುಕಾರನ ಮೂಗು

ನನ್ನ ಕೆಲಸದ ಮಟ್ಟಿಗೆ ನನಗೆ ಅನುಮಾನ ಅನ್ನುವುದೇ ಇಲ್ಲ. ಕಾಡುಪ್ರಾಣಿಗಳ ರೋಗ ಪತ್ತೆ ಮಾಡುವ ಈ ಲ್ಯಾಬು ನನ್ನ ಕೈಯಲ್ಲಿದೆ. ಬ್ಯಾಕ್ಟೀರಿಯಾ ಎಷ್ಟೇ ಕಳ್ಳಾಟ ಆಡಿದರೂ ನನ್ನ ಕಣ್ಣು ತಪ್ಪಿಸಿಕೊಂಡು ಬಹಳ ದಿನ ಬದುಕಲಾರದು. ಜಂಬ ಅನ್ನುವವರು ಅನ್ನಲಿ, ನನಗೇನು. ಬೆಟ್ಟದ ಕಾಡುಮೇಕೆಗಳು ಕೆಮ್ಮಿ ಕೆಮ್ಮಿ ಸಾಯತೊಡಗಿದಾಗ ರೇಂಜರ್ ನೆಟ್ಟಗೆ ಬಂದು ನನ್ನ ಮೇಜಿನ ಮುಂದೆ ಕೂತರು.

"ಮೇಡಂ, ಆ ಇಳಿಜಾರಲ್ಲಿ ಮೇಯೋದು ನಿಮ್ಮ ಅಕ್ಕನ ಕುರಿಗಳು. ಗೊತ್ತಿದ್ದೇ ನಿಮ್ಮ ಹತ್ರ ಬಂದಿದ್ದೀನಿ. ರೋಗ ಅಲ್ಲಿಂದ ಬಂದಿದ್ರೆ ಇಡೀ ಮಂದೇನ ಕೊಲ್ಲಬೇಕಾಗುತ್ತೆ."

"ಇಡೀ ಮಂದೆ ಯಾಕ್ರೀ? ಒಂದೊಂದರ ಮೂಗೂ ನೋಡ್ತೀನಿ. ಯಾವುದರಲ್ಲಿ ಸಿಗುತ್ತೋ ಅದು ಮಾತ್ರ."

"ಒಂದೂ ತಪ್ಪಿಸ್ಕೋಬಾರದು."

"ನನ್ನ ಕೈಯಿಂದಾನಾ?" ಅಂದೆ. ಅವರು ನಕ್ಕು ಒಪ್ಪಿದರು.

ಈ ಬ್ಯಾಕ್ಟೀರಿಯಾ ಕುರಿಗಳ ಮೂಗಿನಲ್ಲಿ ಇರುವುದು ಹೊಸದೇನಲ್ಲ. ಬಂದು ಠಿಕಾಣಿ ಹೂಡಿದ ನೆಂಟನ ಹಾಗೆ ತಿಂದುಂಡು ಸುಮ್ಮನಿರುತ್ತದೆ. ಆದರೆ ಅದರಲ್ಲೂ ಕೆಲವಕ್ಕೆ ಒಂದು ಪೋಕರಿ ಜೀನ್ ಇರುತ್ತದೆ, ರಕ್ತಕಣಗಳನ್ನು ಒಡೆಯುವ ವಿಷ ತಯಾರಿಸುವ ಜೀನ್. ಕುರಿ ಅದನ್ನೂ ತಡೆದುಕೊಳ್ಳುತ್ತದೆ. ಕಾಡುಮೇಕೆಗೆ ಅಂಟಿತೋ, ಮುಗಿಯಿತು. ಶ್ವಾಸಕೋಶ ಗಟ್ಟಿಯಾಗಿ ಉಸಿರು ಕಟ್ಟುತ್ತದೆ. ನಾನು ಹುಡುಕಬೇಕಿದ್ದದ್ದು ಆ ಜೀನನ್ನು.

ಅಕ್ಕನ ದೊಡ್ಡಿಗೆ ಹೋದೆ. ಭಾವ ತೀರಿಕೊಂಡ ಮೇಲೆ ಅವಳ ಒಲೆ ಉರಿದದ್ದು ಆ ಕುರಿಗಳಿಂದಲೇ. ಅವಳು ಒಂದೊಂದನ್ನೇ ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು, ನಾನು ಮೂಗಿನೊಳಗೆ ಹತ್ತಿಕಡ್ಡಿ ತಿರುವಿದೆ. ಕೊನೆಗೆ ಬಂದದ್ದು ಸಾಹುಕಾರ, ಕೊರಳಲ್ಲಿ ಗಂಟೆ ಕಟ್ಟಿದ ಟಗರು. ತಾಯಿ ಸತ್ತ ಮರಿಯನ್ನು ಅಕ್ಕ ಬಾಟಲಿ ಹಾಲು ಕೊಟ್ಟು ಸಾಕಿದ್ದಳು. ಅದು ನಡೆದರೆ ಮಂದೆ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು.

"ಇವನದ್ದು ನೋಡ್ಲೇಬೇಕಾ? ಒಂದು ದಿನಾನೂ ಸೀನಿದವನಲ್ಲ ಕಣೇ," ಅಂದಳು ಅಕ್ಕ. "ಆ ಮೇಲಿನ ಉಪ್ಪಿನ ಬಂಡೆ ನೆಕ್ಕೋಕೆ ಒಬ್ಬನೇ ಹತ್ತಿ ಹೋಗ್ತಾನೆ. ಕಾಡುಮೇಕೆಗಳೂ ಇವನಿಗೆ ಜಾಗ ಬಿಡ್ತಾವೆ, ಗೊತ್ತಾ!"

"ಸಾಹುಕಾರರಿಗೆ ಲ್ಯಾಬಲ್ಲಿ ರಿಯಾಯಿತಿ ಇಲ್ಲ," ಅಂದೆ. ಟಗರು ನನ್ನ ಕೈಗೆ ಒಂದು ಗುದ್ದು ಕೊಟ್ಟು ಗಂಭೀರವಾಗಿ ಹೊರಟುಹೋಯಿತು.

ಕುರಿಗಳ ಫಲಿತಾಂಶ ಮೊದಲು ಬಂತು. ಯಾವುದರಲ್ಲೂ ಆ ಜೀನ್ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ; ಅವಳು ಅತ್ತಳು, ನಕ್ಕಳು, ನನ್ನನ್ನು ಬಂಗಾರ ಅಂದಳು. ರೇಂಜರ್‌ಗೂ ತಿಳಿಸಿದೆ.

ಮರುದಿನ ಸತ್ತ ಮೇಕೆಗಳ ಶ್ವಾಸಕೋಶದ ಫಲಿತಾಂಶ ಬಂತು. ಅಲ್ಲೂ ಜೀನ್ ಇಲ್ಲ.

"ಹಾಗಾದ್ರೆ ಇವು ನೆಗಡಿಯಾಗಿ ಸತ್ವಾ?" ಎಂದು ಕನ್ನಡಕನ ಮೇಲೆ ರೇಗಿದೆ. ಕನ್ನಡಕ ಅಂತ ನಾವು ಕರೆಯುವುದು ನಮ್ಮ ತಂತ್ರಜ್ಞನನ್ನು; ಕನ್ನಡಕ ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. "ಎಲ್ಲಿ, ನನ್ನ ಮುಂದೆ ಇನ್ನೊಂದು ಸಲ ಮಾಡು ನೋಡೋಣ."

ಅವನು ರಕ್ತ ಬೆರೆಸಿದ ಜೆಲ್ಲಿ ಹಾಕಿದ ಪ್ಲೇಟಿನ ಮುಚ್ಚಳ ತೆಗೆದ. ಬ್ಯಾಕ್ಟೀರಿಯಾ ಬೆಳೆದು ಚುಕ್ಕೆ ಚುಕ್ಕೆಯಾಗಿ ನಿಂತಿದ್ದವು. ಸಂತೆಯಲ್ಲಿ ಟೊಮೆಟೊ ಆರಿಸುವವರ ಹಾಗೆ ದುಂಡಗಿನ, ಹೊಳೆಯುವ ಚುಕ್ಕೆಯನ್ನೇ ಸೂಜಿಯ ತುದಿಯಲ್ಲಿ ಎತ್ತಿದ. ಎಲ್ಲ ಲ್ಯಾಬಿನಲ್ಲೂ ಹೀಗೇ. ನಾನು ಕಲಿತದ್ದೂ ಹೀಗೇ, ಅವನಿಗೆ ಕಲಿಸಿದ್ದೂ ಹೀಗೇ. ಅವುಗಳ ಪಕ್ಕದಲ್ಲೇ ಸೊರಗಿದ, ಮಂಕಾದ ಸಣ್ಣ ಚುಕ್ಕೆಗಳಿದ್ದವು. ಸೂಜಿ ಕಿತ್ತುಕೊಂಡು ಅಂಥದ್ದೊಂದನ್ನು ಪಕ್ಕಕ್ಕೆ ಸರಿಸಿದೆ. ಅದರ ಅಡಿಯಲ್ಲಿ ರಕ್ತದ ಕೆಂಪು ಕರಗಿ ಪ್ಲೇಟು ಬಿಳಿಚಿಕೊಂಡಿತ್ತು.

"ಸಿಕ್ಕಿಬಿದ್ದೆಯಾ, ಕಳ್ಳ!" ಎಂದು ಕೂಗಿಯೇಬಿಟ್ಟೆ. ಆ ಸಣ್ಣವನ್ನು ಪರೀಕ್ಷೆಗೆ ಹಾಕಿದೆವು. ಸತ್ತ ಮೇಕೆಗಳಲ್ಲೆಲ್ಲ ಜೀನ್ ಇತ್ತು.

ಕನ್ನಡಕ ಗಂಟಲು ಸರಿಮಾಡಿಕೊಂಡ. "ಮೇಡಂ, ಕುರಿಗಳದ್ದು... ಹೇಳಿಬಿಟ್ಟಾಗಿದೆ. ಯಾರೂ ಕೇಳ್ತಾ ಇಲ್ಲ."

"ನಾನು ಕೇಳ್ತಾ ಇದ್ದೀನಿ. ಎಲ್ಲ ಪ್ಲೇಟೂ ಹೊರಗೆ ತೆಗಿ."

ಪ್ಲೇಟು ಮುಟ್ಟುವ ಮೊದಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೆರಳಿ ಕೆಂಡವಾದಳು.

"ನಿನ್ನೆ ಇಲ್ಲ ಅಂದೆ, ಇವತ್ತು ಇರಬಹುದು ಅಂತೀಯ! ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೆಯೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತೇ?"

"ಅಕ್ಕಾ, ಇವತ್ತು ನಾನು ಸುಮ್ಮನಿದ್ರೆ ಮೇಕೆಗಳು ಸಾಯ್ತಾನೇ ಇರ್ತಾವೆ. ಆಮೇಲೆ ಬರೋರು ಮೂಗು ನೋಡಲ್ಲ, ಇಡೀ ಮಂದೆ ಎತ್ಕೊಂಡು ಹೋಗ್ತಾರೆ. ನನ್ನನ್ನ ನಂಬು."

ಅವಳು ಫೋನ್ ಕುಕ್ಕಿದಳು.

ಎಲ್ಲ ಕುರಿಗಳ ಸಣ್ಣ ಚುಕ್ಕೆಗಳನ್ನೂ ನಾನೇ ಎತ್ತಿದೆ. ಜೀನ್ ಇದ್ದದ್ದು ಒಂದೇ ಒಂದರಲ್ಲಿ. ಪ್ಲೇಟಿನ ಮೇಲಿನ ಹೆಸರು ಓದಬೇಕಾಗಿರಲಿಲ್ಲ. ಉಪ್ಪಿನ ಬಂಡೆಗೆ ಒಬ್ಬನೇ ಹತ್ತಿ ಹೋಗುತ್ತಿದ್ದವನು ಯಾರೆಂದು ನನಗೆ ಗೊತ್ತಿತ್ತು.

ಈ ಮಾತನ್ನು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ಹೋಗಿ ಎದುರಿಗೆ ನಿಂತು ಹೇಳಿದೆ. ಅಕ್ಕ ದೊಡ್ಡಿಯ ಬಾಗಿಲು ಹಿಡಿದುಕೊಂಡಳು.

"ಅವನಿಗೆ ನೋವಿತ್ತೇನೇ?"

"ಇಲ್ಲಕ್ಕ. ಅವನಿಗೆ ಅದು ಲೆಕ್ಕಕ್ಕೇ ಇರಲಿಲ್ಲ."

"ಪಾಪ, ಮುಂಡೇದಕ್ಕೆ ತಾನೇನು ಹಂಚ್ತಾ ಇದ್ದೀನಿ ಅಂತಾನೂ ಗೊತ್ತಿಲ್ಲ," ಅಂದಳು. ರೇಂಜರ್‌ನ ಜನ ಬಂದಾಗ ಹಗ್ಗ ಹಿಡಿಯಲು ಯಾರಿಗೂ ಬಿಡಲಿಲ್ಲ. ಗಂಟೆ ಬಿಚ್ಚಿಕೊಂಡು ತಾನೇ ಮುಂದೆ ನಡೆದಳು, ಸಾಹುಕಾರ ಬಾಟಲಿ ಹಾಲಿಗೆ ಬರುತ್ತಿದ್ದ ಹಾಗೆಯೇ ಹಿಂದೆ ಬಂತು. ನನಗೆ ನೋಡಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಮಂದೆ ಉಳಿಯಿತು. ಬೆಟ್ಟದ ಮೇಲೆ ಹೊಸದಾಗಿ ಕೆಮ್ಮು ಕಾಣಿಸಿಕೊಳ್ಳಲಿಲ್ಲ. ಅಕ್ಕ ಮಾತ್ರ ನನ್ನೊಂದಿಗೆ ಮಾತು ಬಿಟ್ಟಳು. ನಾನೂ ಹಟಮಾರಿಯೇ, ಮಾಡಿದ್ದು ಸರಿ ಅಂದಮೇಲೆ ಕ್ಷಮೆ ಕೇಳಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ದಬದಬ ಸದ್ದಾಯಿತು. ತೆರೆದರೆ ಅಕ್ಕ. ಒಂದು ಕೈಯಲ್ಲಿ ಎಳೆಯ ಟಗರಿನ ಹಗ್ಗ, ಇನ್ನೊಂದರಲ್ಲಿ ಆ ಗಂಟೆ. ಕನ್ನಡಕ ಓಡಿಬಂದು ಹತ್ತಿಕಡ್ಡಿ ತೆಗೆದ.

"ನೀನು ಬೇಡಪ್ಪ," ಎಂದು ಅವನನ್ನು ತಡೆದು ಅಕ್ಕ ನನ್ನ ಕಡೆ ತಿರುಗಿದಳು. "ಇವನಿಗೆ ಗಂಟೆ ಕಟ್ಟೋ ಮುಂಚೆ ನೀನೇ ನೋಡೇ. ಆ ಸಣ್ಣ ಚುಕ್ಕೆಗಳನ್ನೂ ನೋಡು."