ಜೋಯಿಡಾ ದಾರಿಯ ಆರು ಗುರುತು

ಪುಂಡಲೀಕ ತೀರಿಕೊಂಡ ಸುದ್ದಿ ಬಂದದ್ದು ಪುಂಡಲೀಕನದೇ ಫೋನಿನಿಂದ. ಹಾಗಾಗಿ ಶೇಖಪ್ಪ ಮೊದಲು ಬೈದ.

"ಎಲ್ಲಿ ಹಾಳಾಗಿ ಹೋಗಿಯೋ? ಇಸ್ಪೀಟ ಎಲಿ ಹಂಚಿ ಕುಂತು ತಾಸಾತು. ಚಾ ಎರಡು ಸಲ ಕಾಸಿ ಆತು."

ಆ ಕಡೆಯಿಂದ ಗುರುತಿಲ್ಲದ ದನಿಯೊಂದು ಮೆಲ್ಲಗೆ ಹೇಳಿತು: "ನಾ ಜೀಪಿನ ಡ್ರೈವರ್ ರೀ. ಜೋಯಿಡಾ ರಸ್ತೆದಾಗ ಅಜ್ಜಾರು ಗಿಡಕ್ಕ ಒರಗಿ ಕುಂತಿದ್ರು. ನಿದ್ದಿ ಹತ್ತೇತಿ ಅಂದ್ಕೊಂಡ್ವಿ. ಉಸಿರಿಲ್ಲರಿ. ಫೋನಿನಾಗ ಕಡೀ ನಂಬರ ನಿಮ್ದಿತ್ತು."

ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದು, ಅಂಬೇವಾಡಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಬದುಕಿದ ಗೆಳೆಯನಿಗೆ ತಾನು ಆಡಿದ ಕಡೆಯ ಮಾತು ಬೈಗುಳವಾಯಿತಲ್ಲ ಎಂದು ಶೇಖಪ್ಪನಿಗೆ ಅನ್ನ ಇಳಿಯದಾಯಿತು. ಅದರ ಮೇಲೆ ಇನ್ನೊಂದು ಕೊರಗು. ಕ್ಷೌರಕ್ಕೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ ಹೊರಟ ಮನುಷ್ಯ ಇಪ್ಪತ್ತು ಕಿಲೋಮೀಟರು ದೂರದ ಕಾಡಿನ ರಸ್ತೆಯಲ್ಲಿ ಏನು ಮಾಡುತ್ತಿದ್ದ? ಗಡ್ಡವಂತೂ ಹಾಗೆಯೇ ಇತ್ತು.

ಹತ್ತನೆಯ ದಿನ ಮೌಳಂಗಿಯ ಹೊಳೆದಂಡೆಯಲ್ಲಿ ಪಿಂಡ ಇಟ್ಟರು. ಕಾಗೆ ಬಂದು ಮುಟ್ಟಿದರೆ ಸತ್ತವನು ತೃಪ್ತನಾಗಿ ಹೊರಟನೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಅದು ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಮಾವಿನ ಮರದ ಮೇಲೆ ಹನ್ನೊಂದು ಕಾಗೆ ಕುಳಿತಿದ್ದವು. ಶೇಖಪ್ಪ ಎರಡು ಸಲ ಎಣಿಸಿದ್ದ. ಒಂದೂ ಕೆಳಗಿಳಿಯಲಿಲ್ಲ.

"ರೇಡಿಯೋ ರಿಪೇರಿ ಮಾಡಸ್ತೇನ್ರಿ," ಎಂದಳು ಹೆಂಡತಿ ದುರ್ಗವ್ವ, ಕೈ ಮುಗಿದು. ಕಾಗೆ ಅಲುಗಲಿಲ್ಲ.

"ಅಪ್ಪಾ, ನಿಮ್ಮ ಅಳಿಯಾರು ಇನ್ನ ಮ್ಯಾಲ ಗುಟಕಾ ತಿನ್ನೂದಿಲ್ಲ," ಎಂದಳು ಮಗಳು ಸುವರ್ಣಾ. ಅಳಿಯ ಗಾಬರಿಯಿಂದ ಹೆಂಡತಿಯ ಮುಖ ನೋಡಿದ. ಕಾಗೆ ಅವನನ್ನೂ ನಂಬಲಿಲ್ಲ.

ಕಡೆಗೆ ಶೇಖಪ್ಪ ಗಂಟಲು ಸರಿಮಾಡಿಕೊಂಡ. "ಪುಂಡಲೀಕ, ಬಸ್ಸಿನಾಗ ಕಳೀತು ಅಂದಿದ್ನಲ್ಲ ನಾ, ನಿನ್ನ ಛತ್ರಿ, ಅದು ನಮ್ಮ ಅಟ್ಟದ ಮ್ಯಾಲ ಐತಿ. ಇವತ್ತ ಕೊಟ್ಟು ಬಿಡ್ತೇನಿ."

ದುರ್ಗವ್ವ ತಿರುಗಿ ನೋಡಿದಳು. "ನಾಕು ವರ್ಷ ಆತಲ್ಲೋ ಶೇಖಪ್ಪಣ್ಣ."

"ಹೌದು ವೈನಿ."

ಕಾಗೆಗಳು ಹಾರಿ ಆಚೆ ದಂಡೆಗೆ ಹೋದವು.

ಭಟ್ಟರಿಗೆ ಇನ್ನೊಂದು ಮನೆಯ ಕೆಲಸವಿತ್ತು. ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿಬಿಡೋಣ, ಶಾಸ್ತ್ರದಲ್ಲಿ ಅದಕ್ಕೂ ದಾರಿಯಿದೆ ಎಂದರು.

"ಹುಲ್ಲಿನ ಕಾಗಿ ಮುಟ್ಟಿದ್ರ ಅವ್ರ ಹೊಟ್ಟಿ ತುಂಬತೈತೇನ್ರಿ?" ಎಂದಳು ದುರ್ಗವ್ವ. "ಏನ ಆಸೆ ಇತ್ತಂತ ತಿಳಿಯೂತನಕ ನನಗ ತುತ್ತು ಇಳಿಯೂದಿಲ್ಲ."

ಭಟ್ಟರು ಪಂಚಾಂಗ ಮಡಚಿದರು. ಹನ್ನೆರಡನೆಯ ದಿನ ಮತ್ತೊಮ್ಮೆ ಇಡುವುದು, ಅಂದೂ ಬಾರದಿದ್ದರೆ ದರ್ಭೆಯೇ ಗತಿ ಎಂದು ಮಾತಾಯಿತು.

ಆ ಸಂಜೆ ಸುವರ್ಣಾ ಅಪ್ಪನ ಫೋನು ತೆರೆದಳು. ಅವಳ ಗಂಡನದು ಹಳಿಯಾಳದಲ್ಲಿ ಮೊಬೈಲಿನ ಅಂಗಡಿ. ಆಕಾಶದ ಉಪಗ್ರಹ ನೋಡಿ ದಾರಿ ತೋರಿಸುವ ಹೊಸ ತರಹದ ಫೋನೊಂದನ್ನು ಯಾರೋ ಮಾರಿಹೋದಾಗ, ಅವನು ಅದನ್ನು ಮಾವನಿಗೆ ಕೊಟ್ಟಿದ್ದ. ನಮಗೆ ಬೇಕಾದ ಜಾಗದಲ್ಲಿ ನಿಂತು ಒಂದು ಗುಂಡಿ ಒತ್ತಿದರೆ ಅದು ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತಿತ್ತು. ಮುಂದೆ ಯಾವಾಗ ಕೇಳಿದರೂ ಹತ್ತಿರದ ಗುರುತು ಎಷ್ಟು ದೂರ, ಯಾವ ದಿಕ್ಕು ಎಂದು ಬಾಣ ತೋರಿಸುತ್ತಿತ್ತು.

"ಕಾಕಾ, ಅಪ್ಪ ಆರು ಜಾಗ ಗುರುತು ಮಾಡ್ಯಾರ. ಹೆಸರಿಲ್ಲ, ಬರೇ ಒಂದು, ಎರಡು, ಮೂರು ಅಂತ. ಎಲ್ಲಾ ಜೋಯಿಡಾ ದಾರಿಮ್ಯಾಲ ಅದಾವ."

ಶೇಖಪ್ಪ ಫೋನಿಗೇ ಕೈ ಮುಗಿದ. "ವ್ರತಾ ಹಿಡದಿರಬೇಕವ್ವಾ. ಆರು ಸ್ಥಾನ. ನಮಗ್ಯಾರಿಗೂ ಹೇಳಿಲ್ಲ ನೋಡು."

ಮರುದಿನ ಬೆಳಿಗ್ಗೆ, ಕೊಟ್ಟ ಹೆಣ್ಣಿಗೆ ಮೂರೇ ದಿನದ ಸೂತಕವೆಂದು ಸುವರ್ಣಾ ಸ್ಕೂಟಿ ಹೊರಡಿಸಿದಳು. ಹಿಂದೆ ಶೇಖಪ್ಪ, ತೊಡೆಯ ಮೇಲೆ ಆರು ತೆಂಗಿನಕಾಯಿಯ ಚೀಲ, ಬಲಗೈಯಲ್ಲಿ ಫೋನು. ಮರಗಳ ನೆರಳಿನಲ್ಲಿ ಉಪಗ್ರಹ ಸಿಗುತ್ತಿರಲಿಲ್ಲ. ಬಯಲು ಬಂದಲ್ಲೆಲ್ಲ ಅವನು ರಸ್ತೆಯ ನಡುವೆ ನಿಂತು, ಎರಡೂ ಕೈಯಿಂದ ಫೋನನ್ನು ಆರತಿಯ ಹಾಗೆ ಎತ್ತಿ ಹಿಡಿಯಬೇಕಾಗುತ್ತಿತ್ತು. ಗೋವಾದ ಕಡೆಯ ಲಾರಿಯೊಂದು ಅವನನ್ನು ಸುತ್ತಿಕೊಂಡು ಹೋಗುವಾಗ ಡ್ರೈವರನು ಕೊಂಕಣಿಯಲ್ಲಿ ಏನೋ ಅಂದ. ಅದು ಆಶೀರ್ವಾದವಂತೂ ಆಗಿರಲಿಲ್ಲ.

ಒಂದನೆಯ ಗುರುತು ದೊಡ್ಡ ಬಂಡೆಯೊಂದರ ಹಿಂದೆ. ಶೇಖಪ್ಪ ಕಾಯಿ ಒಡೆದ, ಊದಿನಕಡ್ಡಿ ಹಚ್ಚಿದ, ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡ.

"ಎಂಥಾ ಶಾಂತಿ ಐತಿ ನೋಡವ್ವಾ ಇಲ್ಲೆ. ರಸ್ತೆದಾಗಿಂದ ಯಾರಿಗೂ ಕಾಣೂದಿಲ್ಲ. ಜಪಕ್ಕ ಹೇಳಿ ಮಾಡಿಸಿದಂಗೈತಿ."

ಎರಡನೆಯದು ಒತ್ತಾಗಿ ಬೆಳೆದ ಬಿದಿರು ಮೆಳೆ. ಮೂರನೆಯದು ಪಾಳುಬಿದ್ದ ಬಸ್ ನಿಲ್ದಾಣದ ಹಿಂಗೋಡೆ. ನಾಲ್ಕನೆಯದು ಒಣಗಿದ ಕಾಲುವೆಯ ತಗ್ಗು. ನಾಲ್ಕು ಕಡೆಯ ಮಣ್ಣೂ ಶೇಖಪ್ಪನ ಹಣೆಗೇರಿತು. ಗೆಳೆಯನ ಏಕಾಂತ ಭಕ್ತಿಯನ್ನು ನೆನೆದು, ಇಂಥವನೊಡನೆ ತಾನು ಇಸ್ಪೀಟಾಡಿ ಕಾಲ ಕಳೆದೆನಲ್ಲ ಎಂದು ಕಣ್ಣೊರೆಸಿಕೊಂಡ.

ಐದನೆಯ ಗುರುತು ಸೂಪಾ ಅಣೆಕಟ್ಟೆಯ ಈಚೆ ಒಂದು ಚಹದಂಗಡಿಯ ಹಿತ್ತಿಲಿಗೆ ಕರೆದೊಯ್ದಿತು. ಅಲ್ಲೊಂದು ತಗಡಿನ ಮರೆ. ಶೇಖಪ್ಪ ಚಪ್ಪಲಿ ಬಿಟ್ಟು ಅದಕ್ಕೆ ಉದ್ದಂಡ ನಮಸ್ಕಾರ ಹಾಕುವಷ್ಟರಲ್ಲಿ ಅಂಗಡಿಯ ಕಾಶೆವ್ವ ಸೊಂಟಕ್ಕೆ ಕೈಕೊಟ್ಟು ಬಂದು ನಿಂತಳು.

"ಯಜಮಾನ್ರ, ಬಚ್ಚಲಕ್ಕ ಯಾಕ ಅಡ್ಡ ಬಿದ್ದೀರಿ?"

ಶೇಖಪ್ಪ ಮಲಗಿದಲ್ಲಿಂದಲೇ ತಲೆಯೆತ್ತಿದ. ಸುವರ್ಣಾ ಫೋನಿನಲ್ಲಿದ್ದ ಅಪ್ಪನ ಫೋಟೋ ತೋರಿಸಿದಳು.

"ಅಯ್ಯ, ಈ ಅಜ್ಜ," ಎಂದಳು ಕಾಶೆವ್ವ. "ತಿಂಗಳಿಂದ ಮೂರು ಸಲ ಬಂದಾರ. ಬಂದವ್ರು ಚಾ ಕುಡೀಲಿಲ್ಲ, ಮೊದ್ಲ ಈ ತಗಡು ನೋಡಿದ್ರು. ನನ್ನ ಒಳಗ ನಿಲ್ಲಿಸಿ, 'ತಂಗಿ ಕುಂದರವ್ವಾ, ರಸ್ತೆಕ್ಕ ಕಾಣತೀಯೇನು ನೋಡ್ತೇನಿ' ಅಂದ್ರು. ನನಗ ಸಿಟ್ಟ ಬಂತು, ಸವಟು ತಗೊಂಡೆ. ಆಮ್ಯಾಲ ಪಾಪ, ಬಿಡಿಸಿ ಹೇಳಿದ್ರು."

ಹೇಳಿದ್ದು ಇಷ್ಟು. ಹೆಂಡತಿಗೆ ಸಕ್ಕರೆ ಕಾಯಿಲೆ. ಒಂದಕ್ಕೆ ಬಂದರೆ ಹತ್ತು ನಿಮಿಷವೂ ತಡೆಯಲಾಗದು. ಗಂಡಸರಾದರೆ ಎಲ್ಲಿಯೋ ನಿಂತಾರು, ಹೆಂಗಸು ಕಾಡಿನ ದಾರಿಯಲ್ಲಿ ಎಲ್ಲಿಗೆ ಹೋಗಬೇಕು? ಸೊಂಟ ಮುರಿದು ಜೋಯಿಡಾದಲ್ಲಿ ಹಾಸಿಗೆ ಹಿಡಿದಿರುವ ತನ್ನ ಅಕ್ಕ ಯಲ್ಲವ್ವನನ್ನು ನೋಡಲು ಆಕೆ ಎರಡು ವರ್ಷದಿಂದ ಹೋಗಿಲ್ಲ. ಮಂಡಿನೋವು ಎಂದು ಲೋಕಕ್ಕೆ ಸುಳ್ಳು ಹೇಳುತ್ತಾಳೆ. ಮರೆಯಾದ ಜಾಗಗಳನ್ನು ಮೊದಲೇ ಗುರುತಿಸಿಟ್ಟುಕೊಂಡು, ಆಟೋ ಮಾಡಿ ಕರೆದುಕೊಂಡು ಹೋಗಬೇಕು.

ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಶೇಖಪ್ಪ ಸಮಾಧಾನ ಮಾಡಲು ಹೋದ. ಅವಳು ನಗುತ್ತಿದ್ದಳು. ಅಪ್ಪ ಹೋದ ಮೇಲೆ ಮೊದಲ ಸಲ, ತಡೆಯಲಾರದೆ, ಕಣ್ಣೀರು ಸುರಿಸುತ್ತ ನಗುತ್ತಿದ್ದಳು.

"ಕಾಕಾ, ಹಣಿ ಒರೆಸ್ಕೋರಿ."

ಶೇಖಪ್ಪ ಹಣೆ ಮುಟ್ಟಿ ನೋಡಿಕೊಂಡ. ಆ ಜಾಗಗಳು ಇನ್ನೂ ಉಪಯೋಗಕ್ಕೆ ಬಂದಿರಲಿಲ್ಲವೆಂಬುದೊಂದೇ ಅವನಿಗೆ ಸಮಾಧಾನ. ಕಾಶೆವ್ವ ತಂಬಿಗೆ ನೀರು ತಂದುಕೊಟ್ಟಳು.

ಆರನೆಯ ಗುರುತು ಪುಂಡಲೀಕ ಒರಗಿ ಕುಳಿತಿದ್ದ ಮರವೇ. ದಪ್ಪ ಬೊಡ್ಡೆ, ಸುತ್ತ ಪೊದೆ. ಗುಂಡಿ ಒತ್ತಿ, ದಣಿವಾರಿಸಿಕೊಳ್ಳಲು ಕುಳಿತಿರಬೇಕು. ಉಳಿದಿದ್ದ ಎರಡು ಕಾಯಿಗಳನ್ನೂ ಶೇಖಪ್ಪ ಅಲ್ಲಿಯೇ ಒಡೆದ. ಇಲ್ಲಿ ಯಾರೂ ನಗಲಿಲ್ಲ.

ಮನೆಗೆ ಬಂದು ದುರ್ಗವ್ವನಿಗೆ ಹೇಳುವುದು ಹೇಗೆಂದು ಇಬ್ಬರಿಗೂ ಸಂಕೋಚ. ಶೇಖಪ್ಪ ಗೋಡೆಗೆ ಮುಖ ಮಾಡಿ ಹೇಳಿ ಮುಗಿಸಿದ. ದುರ್ಗವ್ವ ಮೊದಲು ಕೇಳಿದ್ದು ಇಷ್ಟೇ:

"ಹೋಟೆಲ್ಲಿನಾಕಿಗೂ ಹೇಳ್ಯಾರೇನು?"

"ಹೇಳ್ಯಾನ ವೈನಿ."

"ಊರಿಗೆಲ್ಲ ಡಂಗುರಾ ಹೊಡೆಸಿ ಹೋದ್ರಲ್ಲ," ಎಂದು ಬೈಯತೊಡಗಿದವಳು ನಡುವೆಯೇ ನಿಲ್ಲಿಸಿದಳು. "ಎಷ್ಟು ಜಾಗ ಅಂದಿ?"

"ಆರು."

"ಆರರಾಗ ಜೋಯಿಡಾ ಮುಟ್ಟೂದಿಲ್ಲ. ಆ ಗಿಡ ದಾಟಿ ಮುಂದ ಇನ್ನೊಂದು ಬೇಕಾಗ್ತೈತಿ." ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅದನ್ನ ಹುಡುಕಾಕ ಹೊಂಟಿದ್ರೇನೋ."

ಹನ್ನೆರಡನೆಯ ದಿನ ಮತ್ತೆ ಪಿಂಡ ಇಟ್ಟಾಗ ದುರ್ಗವ್ವ ಯಾರ ಕಡೆಯೂ ನೋಡದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿಯೇ ಹೇಳಿದಳು.

"ಅಕ್ಕನ ಕಡೆ ಹೋಗ್ತೇನ್ರಿ. ನೀವು ತೋರಿಸಿದಲ್ಲೆಲ್ಲ ಇಳೀತೇನಿ, ನಾಚಿಕಿ ಮಾಡೂದಿಲ್ಲ. ಏಳನೇದು ನಾನ ನೋಡ್ಕೋತೇನಿ. ಇನ್ನ ಬಿಸಲಾಗ ತಿರುಗಬ್ಯಾಡ್ರಿ."

ಭಟ್ಟರಿಗೆ ಏನೂ ತಿಳಿಯಲಿಲ್ಲ. ಮರದಿಂದ ಮುದಿ ಕಾಗೆಯೊಂದು ಇಳಿದು, ಪಿಂಡದ ಸುತ್ತ ಒಂದು ಸಲ ನಡೆದು, ಒಂದು ತುತ್ತು ಕಿತ್ತುಕೊಂಡು ಹೊಳೆಯ ಮೇಲೆ ಹಾರಿತು.

ಶೇಖಪ್ಪ ನೀರಿಗಿಳಿದು ಕೈ ಮುಗಿದ. ದೇವರೇ, ಅವನ ಗಡಿಬಿಡಿಯ ಗುಣ ನಿನಗೆ ಗೊತ್ತು. ಹೆಂಡತಿಯ ಮಾನಕ್ಕಾಗಿ ಮುಪ್ಪಿನಲ್ಲಿ ಕಾಡು ತಿರುಗಿದ ಜೀವ ಅದು. ನಾನು ಅರಿಯದೆ ಬೈದ ಮಾತನ್ನು ಅವನ ಕಿವಿಗೆ ಬೀಳಿಸಬೇಡ. ಅವನನ್ನು ನೆರಳಿನಲ್ಲಿ ಕುಳ್ಳಿರಿಸು, ತಣ್ಣಗಿನ ನೀರು ಕೊಡು, ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ.