ಮೂರು ಬೀದಿ ಮೇಲಕ್ಕೆ

ಪ್ಲಾಸಿದಾ ಬೆಟ್ಟ ಇಳಿದು ಟಾರು ರಸ್ತೆಗೆ ಬಂದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಒದ್ದೆ ಕಾಗದ ಸುತ್ತಿದ ಬಿಳಿ ಲಿಲ್ಲಿ ಹೂವಿನ ಕಟ್ಟು. ಹಿನೊತೆಗಾ ಕಡೆಯ ಬೆಟ್ಟಗಳಲ್ಲಿ ಬೆಳಗಿನ ಮಂಜು ಎಂಥದೆಂದರೆ ಬಸ್ಸು ಮೊದಲು ಕಿವಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದು ಆಮೇಲೆ.

"ಮನಾಗ್ವಾ, ಮನಾಗ್ವಾ, ಮನಾಗ್ವಾ! ಹತ್ತಮ್ಮಾ, ಜಾಗ ಬೇಕಾದಷ್ಟಿದೆ!" ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರ್ ಕೂಗಿದ.

"ಎಲ್ಲಯ್ಯಾ ಜಾಗ? ನಿನ್ನ ತಲೆ ಮೇಲಾ?" ಎಂದಳು ಒಳಗಿದ್ದ ಒಬ್ಬ ಹೆಂಗಸು. ಅವಳ ತೊಡೆಯ ಮೇಲೆ ಕೋಸಿನ ಮೂಟೆ ಇತ್ತು. ಹಾಗೆಂದವಳೇ ಸರಿದು ಪ್ಲಾಸಿದಾಗೆ ಕಿಟಕಿಯ ಪಕ್ಕ ಜಾಗ ಬಿಟ್ಟಳು.

ಬಸ್ಸು ಯಾವುದೋ ದೇಶದ ಶಾಲೆಯ ಮಕ್ಕಳಿಗಾಗಿ ಮಾಡಿದ್ದು, ಅಲ್ಲಿ ಹಳತಾದ ಮೇಲೆ ಇಲ್ಲಿಗೆ ಬಂದದ್ದು. ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಹೂ ನಲುಗದಂತೆ ಪ್ಲಾಸಿದಾ ಅದನ್ನು ಗಲ್ಲದ ಹತ್ತಿರ ಎತ್ತಿ ಹಿಡಿದು ಕೂತಳು.

"ಯಾರು ಹೋದ್ರಕ್ಕಾ?" ಕೋಸಿನವಳು ಕೇಳಿದಳು.

"ಬೇಕಾದೋರು."

"ಹತ್ರದೋರಾ?"

"ಹತ್ರದೋರೇ. ದೂರ ಇದ್ರು."

ಗಂಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಆ ಮಾತನ್ನು ಆಡುವುದಕ್ಕೆಂದೇ ಅವಳು ಹೊರಟಿದ್ದು. ಗುರುತಿಲ್ಲದವಳ ಹತ್ತಿರ ಅದನ್ನು ದಾರಿಯಲ್ಲೇ ಖರ್ಚು ಮಾಡಲು ಮನಸ್ಸು ಬರಲಿಲ್ಲ.

ಸಿಪ್ರಿಯಾನೊ ಮನೆ ಬಿಟ್ಟದ್ದು ಯುದ್ಧದ ಕಾಲದಲ್ಲಿ. ಎರಡು ಕಡೆಯವರೂ ಬೆಟ್ಟದ ಗಂಡಸರನ್ನು ಹಿಡಿದು ಕೈಗೆ ಬಂದೂಕು ಕೊಡುತ್ತಿದ್ದರು. "ಗಲಾಟೆ ತಣ್ಣಗಾಗ್ಲಿ, ಕರೆಸ್ಕೋತೀನಿ" ಎಂದು ಹೇಳಿ, ಕಾಫಿ ಲಾರಿಯ ಹಿಂದೆ ಕೂತು ರಾಜಧಾನಿ ಮನಾಗ್ವಾಗೆ ಹೋದ. ಗಲಾಟೆ ತಣ್ಣಗಾಯಿತು. ಕರೆ ಬರಲಿಲ್ಲ. ಬಂದದ್ದು ಸುದ್ದಿ: ಅಲ್ಲಿ ಒಬ್ಬಳಿದ್ದಾಳೆ, ಮಕ್ಕಳೂ ಆಗಿದ್ದಾರೆ. ಪ್ಲಾಸಿದಾ ಅತ್ತದ್ದನ್ನು ಯಾರೂ ನೋಡಲಿಲ್ಲ. ಇನ್ನೊಬ್ಬನನ್ನು ಅವಳು ಮನೆಗೆ ಸೇರಿಸಲೂ ಇಲ್ಲ. ಮೊದಮೊದಲು ಊರವರು ಸಿಪ್ರಿಯಾನೊನ ಹೆಂಡತಿ ಎನ್ನುತ್ತಿದ್ದರು. ಕಾಲ ಹೋದಂತೆ ಆ ಹೆಸರು ಬಟ್ಟೆಯ ಬಣ್ಣದ ಹಾಗೆ ಬಿಟ್ಟುಹೋಗಿ, ಅವಳು ಬರೀ ಪ್ಲಾಸಿದಾ ಆಗಿ ಉಳಿದಳು.

ಈಗ ಅವನು ಸತ್ತಿದ್ದ. ರಾಜಧಾನಿಯ ಸಂತೆಗೆ ತರಕಾರಿ ಹಾಕುವ ಫಿದೆನ್ಸಿಯೊ ಸುದ್ದಿ ತಂದ. ಒಂಬತ್ತನೆಯ ದಿನದ ಪ್ರಾರ್ಥನೆ ಗುರುವಾರ ಸಂಜೆ ಎಂದ. ಆ ಸಂಜೆ, ಫೋಟೋ, ಬತ್ತಿ, ಹೂವಿಟ್ಟು ಮನೆಯಲ್ಲಿ ಕಟ್ಟಿದ ಸತ್ತವರ ಪೀಠ ಕಳಚುತ್ತಾರೆ, ಬಿಳಿ ಬಟ್ಟೆ ಮಡಿಚುತ್ತಾರೆ, ಆತ್ಮ ಹೊಸಿಲು ದಾಟಿ ಹೋಗುತ್ತದೆ. ಆಮೇಲೆ ಹೋದರೆ ಬೀಳ್ಕೊಡಲು ಅಲ್ಲಿ ಯಾರೂ ಇರುವುದಿಲ್ಲ. ತನ್ನ ಮನೆಯಲ್ಲೇ ಒಂದು ಪೀಠ ಕಟ್ಟೋಣವೆಂದು ಅವಳು ಪಕ್ಕದ ಮನೆಯ ಚೋನಾಳನ್ನು ಕೇಳಿ ನೋಡಿದ್ದಳು.

"ಒಬ್ಬ ಸತ್ರೆ ಎರಡು ಪೀಠನಾ?" ಚೋನಾ ನಕ್ಕುಬಿಟ್ಟಿದ್ದಳು. "ನಿನ್ನ ಮನೇಲಿ ಯಾರು ಸತ್ತಿದಾರೆ ಅಂತ ಜನ ಬರ್ತಾರೆ, ಹೇಳು?"

ಹಾಗಾಗಿ ಹೊರಟಳು. ಪೀಠ ಕಳಚುವ ಮುಂಚೆ ಹೋಗಬೇಕು. ಯಾರಾದರೂ ನೀವ್ಯಾರು ಎಂದರೆ ಒಂದು ಸಲ, ಎಲ್ಲರಿಗೂ ಕೇಳುವಂತೆ, ಹೇಳಬೇಕು: ನಾನು ಇವರ ಹೆಂಡತಿ, ಇಗರ್ಜಿಯಲ್ಲಿ ಮದುವೆಯಾದವಳು. ಜಗಳಕ್ಕಲ್ಲ. ಹೇಳಿ, ಕೂತು, ಎಲ್ಲರ ಜೊತೆ ಪ್ರಾರ್ಥನೆಗೆ ದನಿಗೂಡಿಸಿ ಬರಬೇಕು. ಅಷ್ಟೇ ಅವಳ ಆಸೆ.

ಬಸ್ಸು ಇಳಿಜಾರು ಮುಗಿಸಿ ಬಯಲಿಗೆ ಬಂತು. ಸೆಬಾಕೊದಲ್ಲಿ ಈರುಳ್ಳಿ ಗೊಂಚಲು ಹಿಡಿದವರು ಕಿಟಕಿಗೆ ಮುತ್ತಿಕೊಂಡರು. ಕೋಸಿನವಳು ಚೌಕಾಸಿ ಮಾಡಿ ಮಾಡಿ ಕೊನೆಗೆ ಕೊಳ್ಳದೆ, ಅವರು ಬೈದದ್ದಕ್ಕೆ ಖುಷಿಯಾಗಿ ನಕ್ಕಳು. ಸೆಕೆ ಏರುತ್ತಾ ಹೋಯಿತು. ಪ್ಲಾಸಿದಾ ಉಣ್ಣೆಯ ಶಾಲು ತೆಗೆದು ಚೀಲಕ್ಕೆ ತುರುಕಿದಳು. ಒಮ್ಮೆ ಟೈರು ಸಿಡಿದು ಎಲ್ಲರೂ ಇಳಿದು ಒಂದು ಮರದ ನೆರಳಲ್ಲಿ ನಿಲ್ಲಬೇಕಾಯಿತು. ಗುರುತಿದ್ದವರು ಗುರುತಿದ್ದವರ ಜೊತೆ ಮಾತಿಗೆ ನಿಂತರು. ಅವಳು ಹೂವಿಗೆ ನೀರು ಚಿಮುಕಿಸಿ ಹೊತ್ತು ನೋಡುತ್ತಾ ನಿಂತಳು. ಸಂಜೆಯೊಳಗೆ ತಲುಪದಿದ್ದರೆ? ಕೇಳೋಣವೆಂದರೆ ಕಂಡಕ್ಟರ್ ಚಕ್ರದ ಅಡಿಯಲ್ಲಿದ್ದ, ಕಾಲು ಮಾತ್ರ ಕಾಣುತ್ತಿತ್ತು.

ಅಂತೂ ಮನಾಗ್ವಾ ಬಂತು. ದೊಡ್ಡ ಸಂತೆಯ ಪಕ್ಕ ಇಳಿಸಿದರು. ಕೋಸಿನವಳು "ಬರ್ತೀನಕ್ಕಾ" ಎಂದು ಹೇಳಿ ತಿರುಗಿ ನೋಡದೆ ಹೋದಳು. ಪ್ಲಾಸಿದಾಗೆ ವಿಳಾಸ ಬಾಯಿಪಾಠವಾಗಿತ್ತು. "ಮಂಜುಗಡ್ಡೆ ಕಾರ್ಖಾನೆ ಇತ್ತಲ್ಲ, ಅಲ್ಲಿಂದ ಮೂರು ಬೀದಿ ಮೇಲಕ್ಕೆ, ನೀಲಿ ಬಾಗಿಲು" ಎಂದಿದ್ದ ಫಿದೆನ್ಸಿಯೊ. ಕಾರ್ಖಾನೆ ಭೂಕಂಪದಲ್ಲಿ ನೆಲಸಮವಾಗಿ ಒಂದು ತಲೆಮಾರೇ ಕಳೆದಿತ್ತು. ಆದರೆ ಸಿಟಿ ಬಸ್ಸಿನ ಕಂಡಕ್ಟರ್, ಭೂಕಂಪದ ಹೊತ್ತಿಗೆ ಹುಟ್ಟಿಯೇ ಇರದಿದ್ದವನು, "ಮಂಜುಗಡ್ಡೆ ಕಾರ್ಖಾನೆ ಇಳಿಯೋರು!" ಎಂದು ಕೂಗಿದ. ಅವಳ ಜೊತೆ ಇನ್ನೂ ನಾಲ್ಕಾರು ಜನ ಇಳಿದರು.

ಒಂದು ಕಡೆ ದೂರದಲ್ಲಿ ಸರೋವರ ಹೊಳೆಯುತ್ತಿತ್ತು. ಇನ್ನೊಂದು ಕಡೆ ನೆಲ ನಿಧಾನವಾಗಿ ಬೆಟ್ಟದ ಕಡೆಗೆ ಏರಿತ್ತು. ಯಾರನ್ನೂ ಕೇಳಬೇಕೆನಿಸಲಿಲ್ಲ. ಮೇಲಕ್ಕೆ ಎಂದರೆ ಮೇಲಕ್ಕೆ. ಬೆಟ್ಟದಲ್ಲಿ ಹುಟ್ಟಿದವಳು ಅದನ್ನು ಕೇಳುತ್ತಾಳೆಯೇ? ಏರಿನ ಬೀದಿ ಹಿಡಿದಳು.

ಮೂರನೆಯ ಬೀದಿಯಲ್ಲಿ ಒಂದು ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲಿಗೆ ಕಪ್ಪು ರಿಬ್ಬನ್ನು. ಬಾಗಿಲಿಗೆ ಒಂದು ಕಾಲಕ್ಕೆ ನೀಲಿ ಬಳಿದಿದ್ದಿರಬಹುದು. ನೇರ ಒಳಗೆ ಹೋಗಿ ಹೂವನ್ನು ಪೀಠದ ಮೇಲಿಟ್ಟಳು. ಮೇಣದ ಬತ್ತಿಗಳ ಹೊಗೆಯ ಹಿಂದೆ ಒಬ್ಬ ಮುದುಕನ ಫೋಟೋ. ವಯಸ್ಸು ಎಷ್ಟು ಬದಲಾಯಿಸಿಬಿಟ್ಟಿದೆ ಎಂದುಕೊಂಡಳು. ಕಿವಿ ನೋಡಿದಳು, ಹುಬ್ಬು ನೋಡಿದಳು. ನೋಡುತ್ತಾ ನೋಡುತ್ತಾ ಅವನು ಸಿಕ್ಕಿದ. ಹೌದು, ಅದೇ ತುಟಿ.

"ಕೂತ್ಕೊಳ್ಳಿ ತಾಯಿ, ಬಿಸಿಲಲ್ಲಿ ಬಂದಿದೀರ." ಕಪ್ಪು ಉಡುಪಿನ ದಪ್ಪ ಮುದುಕಿಯೊಬ್ಬಳು ಕುರ್ಚಿ ಎಳೆದಳು. "ನಾನು ಮೆಲ್ಬಾ, ಈ ಮನೆಯೋಳು. ನಂಗೆ ಕಣ್ಣು ಮಂಜು. ನೀವ್ಯಾರು ಅಂತ ಗೊತ್ತಾಗ್ಲಿಲ್ಲ."

ಪ್ಲಾಸಿದಾ ಕೂರಲಿಲ್ಲ. "ನಾನು ಇವರ ಹೆಂಡ್ತಿ," ಎಂದಳು. "ಇಗರ್ಜೀಲಿ, ಪಾದ್ರಿಗಳ ಮುಂದೆ ಆದೋಳು."

ಕಾಫಿ ಕದಡುತ್ತಿದ್ದ ಚಮಚ ನಿಂತಿತು. ಪ್ರಾರ್ಥನೆ ಹೇಳಿಸಲು ಬಂದಿದ್ದ ಮುದುಕಿಯ ಜಪಸರ ಒಂದು ಮಣಿಯ ಮೇಲೆಯೇ ನಿಂತಿತು.

"ಏನಂದೆ?"

"ಜಗಳಕ್ಕೆ ಬಂದಿಲ್ಲಮ್ಮಾ."

ಮೆಲ್ಬಾ ಫೋಟೋದ ಕಡೆ ತಿರುಗಿದಳು. "ಲಿಸಾಂದ್ರೊ! ಮುಠ್ಠಾಳ! ವರ್ಷಾ ವರ್ಷಾ ಬೆಟ್ಟಕ್ಕೆ ಕಾಫಿ ಕೊಯ್ಯೋಕೆ ಅಂತ ಹೋಗ್ತಿದ್ಯಲ್ಲೋ, ಇದನ್ನೇನೋ ನೀನು ಕೊಯ್ದಿದ್ದು?"

"ಮೆಲ್ಬಕ್ಕಾ, ಪೀಠದ ಮುಂದೆ ಬೈಬೇಡಿ," ಎಂದರು ಯಾರೋ.

"ಇಲ್ಲಿ ನಿಂತು ಬೈದ್ರೇ ಅವನಿಗೆ ಕೇಳೋದು!"

"ಲಿಸಾಂದ್ರೊ ಯಾರು?" ಎಂದಳು ಪ್ಲಾಸಿದಾ.

"ಯಾರು ಅಂತೀಯಲ್ಲೇ! ನಿನ್ನ ಗಂಡ! ನನ್ನ ಗಂಡ!"

"ನನ್ನ ಗಂಡ ಸಿಪ್ರಿಯಾನೊ."

ಜಪಸರದ ಮುದುಕಿ, "ಮರಗೆಲಸದ ಸಿಪ್ರಿಯಾನೊ? ನೂಬಿಯಾ ಮನೆಯೋನು? ಅಯ್ಯೋ, ಅದು ಮೇಲೆ ಕಣಮ್ಮಾ!" ಎಂದಳು.

"ಮೇಲಕ್ಕೇ ಬಂದೆನಲ್ಲ."

"ಇದು ಬೆಟ್ಟದ ಕಡೆ. ಮೇಲೆ ಅಂದ್ರೆ ಸೂರ್ಯ ಮೇಲೇಳೋ ಕಡೆ. ಮುಳುಗೋ ಕಡೆ ಕೆಳಗೆ. ಮನಾಗ್ವಾದಲ್ಲಿ ಹಂಗೇ."

"ಹಂಗಾದ್ರೆ ಬೆಟ್ಟ ಹತ್ತೋಕೆ ಏನಂತೀರಿ?"

"ಬೆಟ್ಟದ ಕಡೆಗೆ ಅಂತೀವಿ, ಇನ್ನೇನಂತೀವಿ."

ಮೆಲ್ಬಾ ಕುರ್ಚಿಯ ಮೇಲೆ ಕುಸಿದು ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಕಣ್ಣು ಒರೆಸಿಕೊಂಡು ಪ್ಲಾಸಿದಾಳ ಕೈ ಹಿಡಿದಳು. "ನೀನು ಹೇಳಿದ ತಕ್ಷಣ ನಂಬಿಬಿಟ್ಟೆನಲ್ಲೇ. ಪಾಪ, ಅಂಥೋನಲ್ಲ ಅವನು. ಒಂದು ಗಳಿಗೆ ತಡೀಬೇಡ್ವಾ? ಒಂದು ಜೀವಮಾನ ಜೊತೇಲಿದ್ದು, ಒಂದೇ ಮಾತಿಗೆ ನಂಬಿಬಿಟ್ಟೆ."

ಪ್ಲಾಸಿದಾ ಹೂವಿನ ಕಡೆ ನೋಡಿದಳು. ಸತ್ತವರ ಮುಂದೆ ಇಟ್ಟದ್ದನ್ನು ಹಿಂದಕ್ಕೆ ತೆಗೆಯುವ ಪದ್ಧತಿಯಿಲ್ಲ. "ಇವರಿಗೇ ಇರ್ಲಿ," ಎಂದು ಹೊರಟಳು.

ಇಳಿದು, ಕಾರ್ಖಾನೆ ಇದ್ದ ಜಾಗಕ್ಕೆ ಬಂದು, ಸೂರ್ಯನಿಗೆ ಬೆನ್ನು ಮಾಡಿ ನಡೆದಳು. ಅವಳ ನೆರಳು ಮುಂದೆ ಮುಂದೆ ಉದ್ದವಾಗುತ್ತಾ ಹೋಯಿತು. ನೀಲಿ ಬಾಗಿಲಿನ ಹೊರಗೆ ಬೀದಿ ತುಂಬ ಜನ. ಪ್ರಾರ್ಥನೆ ಅರ್ಧ ಮುಗಿದಿತ್ತು. ಒಬ್ಬ ಗಂಡಸು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ನೀವ್ಯಾರು ಎಂದು ಅವನು ಕೇಳಲಿಲ್ಲ.

ಒಳಗಿನ ಫೋಟೋ ಅಲ್ಲಿಂದಲೂ ಕಾಣುತ್ತಿತ್ತು. ಎಷ್ಟು ನೋಡಿದರೂ ಅದರಲ್ಲಿ ಅವನು ಸಿಗಲಿಲ್ಲ. ಬೆಟ್ಟದ ಕಡೆಯ ಆ ಮನೆಯವನೇ ಅವಳಿಗೆ ಹೆಚ್ಚು ಗುರುತಿನವನಾಗಿದ್ದ. ಆದರೆ ಹೆಸರು ಅವನದೇ. ಹೆಸರು ಬಂದಾಗಲೆಲ್ಲ "ಇವನಿಗಾಗಿ ಬೇಡಿಕೊಳ್ಳಿ" ಎಂದು ಎಲ್ಲರ ಜೊತೆ ಹೇಳಿದಳು. ಅಷ್ಟು ದನಿಗಳ ನಡುವೆ ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಬತ್ತಿಗಳನ್ನು ಒಂದೊಂದಾಗಿ ಆರಿಸಿದರು. ಬಟ್ಟೆ ಮಡಿಚಿದರು. ಬಾಗಿಲಿನಿಂದ ಜನ ಸರಿದು, ಹೋಗುವವನಿಗೆ ದಾರಿ ಬಿಟ್ಟರು. ಅವಳೂ ಕಾಲು ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ನೂಬಿಯಾ ಸಿಹಿ ರೊಟ್ಟಿ ಹಂಚುತ್ತಾ ಬಂದಳು. ಇಷ್ಟು ವರ್ಷ ಪ್ಲಾಸಿದಾಳ ಮನಸ್ಸಿನಲ್ಲಿ ಚಿಕ್ಕ ಪ್ರಾಯದವಳಾಗಿಯೇ ಇದ್ದವಳು. ಈಗ ನೋಡಿದರೆ ಕೂದಲು ನೆರೆತ, ನಿದ್ದೆಗೆಟ್ಟ ಹೆಂಗಸು. ಚಪ್ಪಲಿಯಲ್ಲಿ ಕಾಲು ಊದಿಕೊಂಡಿತ್ತು.

"ದೂರದಿಂದ ಬಂದ್ರಾ ಅಮ್ಮಾ?"

"ಹಿನೊತೆಗಾ ಕಡೆಯಿಂದ."

"ಅಯ್ಯೋ, ಇವರೂ ಅಲ್ಲಿಯೋರೇ! ನಿಮಗೆ ಗುರುತಿತ್ತಾ?"

ಮಾತು ತುಟಿಗೆ ಬಂತು. ಆ ಮಾತು ಒಂದು ಮನೆಯಲ್ಲಿ ಏನು ಮಾಡಬಲ್ಲದೆಂದು ಈಗಷ್ಟೇ ನೋಡಿ ಬಂದಿದ್ದಳು. ಅಲ್ಲಿ ಅದು ತಪ್ಪು ಮಾತಾಗಿದ್ದರಿಂದ ನಗೆಯಲ್ಲಿ ಮುಗಿಯಿತು. ಇಲ್ಲಿ ಅದು ನಿಜ.

"ಗುರುತಿತ್ತು," ಎಂದಳು. "ಯುದ್ಧಕ್ಕೆ ಮುಂಚೆ."

"ಆಗಿನ ವಿಷಯ ಇವರು ಬಾಯೇ ಬಿಡ್ತಿರ್ಲಿಲ್ಲ. ಹೇಗಿದ್ರು?"

"ಕಾಫಿ ತೋಟದಲ್ಲಿ ಯಾವಾಗ್ಲೂ ಸಿಳ್ಳೆ ಹೊಡೀತಿದ್ರು. ಎದುರು ಗುಡ್ಡಕ್ಕೂ ಕೇಳೋದು."

"ಸಿಳ್ಳೆನಾ? ಇವರಾ?" ನೂಬಿಯಾ ಅವಳ ಮುಖವನ್ನೇ ನೋಡಿದಳು. "ಇಲ್ಲಿ ಒಂದು ದಿನಾನೂ ಹೊಡೆದಿಲ್ಲವಲ್ಲಮ್ಮಾ." ಆಮೇಲೆ ಒಳಗೆ ತಿರುಗಿ ಕೂಗಿದಳು: "ಕೇಳಿಸ್ತೇನ್ರೋ, ನಿಮ್ಮಪ್ಪ ಸಿಳ್ಳೆ ಹೊಡೀತಿದ್ರಂತೆ!"

ಒಳಗೆ ಮಕ್ಕಳು ನಕ್ಕರು. ಒಬ್ಬ ಸಿಳ್ಳೆ ಹಾಕಲು ನೋಡಿದ, ಬರೀ ಗಾಳಿ ಬಂತು. ಪ್ಲಾಸಿದಾ ಕುರ್ಚಿ ಮಡಿಚಿ ಗೋಡೆಗೆ ಒರಗಿಸಿ, ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬೀದಿಗೆ ಇಳಿದಳು.